ಅಘನಾಶಿನಿ ಅಳಿವೆಯಲ್ಲಿ ಮೊದಲು ಕಾಯಬೇಕಾದ ಜಾಗ ಯಾವುದು? ಅದನ್ನು ನಿರ್ಧರಿಸುವ ಲೆಕ್ಕ ಹೇಗೆ?

ಮಿರ್ಜಾನ್ ಕಡವು:

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲ್ಲೂಕಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. 2024ರ ಆರಂಭದಲ್ಲಿ ಮಾಗಡಿ ಕೆರೆ ಮತ್ತು ಅಂಕಸಮುದ್ರದ ಜೊತೆಗೆ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯೂ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಊರಿನಲ್ಲಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಸ್ವಲ್ಪ ದಿನದಲ್ಲೇ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ಸರ್, 4,801 ಹೆಕ್ಟೇರ್ ಅಂತ ಬರೆದಿದ್ದಾರಲ್ಲ, ಅಷ್ಟರಲ್ಲಿ ಮೊದಲು ಕಾಯಬೇಕಾದ ಜಾಗ ಯಾವುದು?" ಎಂದು ಅವಳು ಕೇಳಿದಳು.

ಪ್ರಶ್ನೆ ಸರಳವಾಗಿದೆ; ಉತ್ತರ ಮಾತ್ರ ಕೇಳಿದವರನ್ನು ಅವಲಂಬಿಸಿ ಬದಲಾಗುತ್ತದೆ. ಹಕ್ಕಿ ನೋಡುವವರು ಇಳಿತದಲ್ಲಿ ತೆರೆದುಕೊಳ್ಳುವ ಕೆಸರುಬಯಲನ್ನು ತೋರಿಸುತ್ತಾರೆ. ಸಸ್ಯಶಾಸ್ತ್ರದವರು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನತ್ತ ಬೆರಳು ಮಾಡುತ್ತಾರೆ. ಮಾಣಿಕಟ್ಟಾ ಊರಿನ ಹಿರಿಯರಿಗೆ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗದ್ದೆ, ಅಂದರೆ ಗಜನಿಯೇ ಮೊದಲು. ಬಳಚು ಎಂಬ ಚಿಪ್ಪುಜೀವಿಯನ್ನು ತೆಗೆಯುವವರಿಗೆ ಮರಳ ದಿಬ್ಬಗಳು. ಇಷ್ಟನ್ನೂ ಮುಚ್ಚಿ ಬೀಗ ಹಾಕಲು ಆಗುವುದಿಲ್ಲ, ಹಾಕಲೂಬಾರದು, ಏಕೆಂದರೆ ಇಲ್ಲಿ ಜನರು ಬದುಕುತ್ತಿದ್ದಾರೆ. ಹಾಗಾದರೆ ಎಲ್ಲಿ ಗೆರೆ ಎಳೆಯಬೇಕೆಂಬುದನ್ನು ಸಂಶೋಧಕರು ಯಾವ ಕ್ರಮದಿಂದ ನಿರ್ಧರಿಸುತ್ತಾರೆ? ಈ ಕೆಲಸದ ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಬೇಕು.

ನಕ್ಷೆಗಾರ:

ಸರ್, ಈ ವಿದ್ಯೆಗೆ ಕ್ರಮಬದ್ಧ ಸಂರಕ್ಷಣಾ ಯೋಜನೆ ಎನ್ನುತ್ತಾರೆ. ಕ್ರಿಸ್ ಮಾರ್ಗ್ಯೂಲ್ಸ್ ಮತ್ತು ಬಾಬ್ ಪ್ರೆಸ್ಸಿ ಎಂಬ ಇಬ್ಬರು ಆಸ್ಟ್ರೇಲಿಯಾದ ಸಂಶೋಧಕರು 2000ದಲ್ಲಿ ಇದೇ ಹೆಸರಿನಲ್ಲಿ ಬರೆದ ಪ್ರಬಂಧವನ್ನು ಇಂದಿಗೂ ಎಲ್ಲರೂ ಮೊದಲ ಪಾಠವಾಗಿ ಓದುತ್ತಾರೆ. ಅದಕ್ಕೂ ಮೊದಲು ಅಭಯಾರಣ್ಯಗಳನ್ನು ಆರಿಸುತ್ತಿದ್ದ ರೀತಿ ಬಹುಮಟ್ಟಿಗೆ ಕಣ್ಣಂದಾಜಿನದು: ಸುಂದರವಾಗಿದೆ, ದೊಡ್ಡ ಪ್ರಾಣಿಯಿದೆ, ಅಥವಾ ಬೇರೆ ಯಾರಿಗೂ ಬೇಡದ ಜಾಗವಾಗಿದೆ.

ಕ್ರಮ ಹೀಗಿದೆ. ಪ್ರದೇಶವನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಬೇಕು; ಸಾಮಾನ್ಯವಾಗಿ ಷಟ್ಕೋನದ ಜಾಲ ಹಾಸುತ್ತಾರೆ. ಪ್ರತಿಯೊಂದು ತುಂಡಿನಲ್ಲಿ ಏನೇನಿದೆ ಎಂದು ಬರೆದುಕೊಳ್ಳಬೇಕು: ಇಷ್ಟು ಕಾಂಡ್ಲಾ, ಇಷ್ಟು ಕೆಸರುಬಯಲು, ಇಷ್ಟು ಚಿಪ್ಪಿನ ಹಾಸು. ಆಮೇಲೆ ಪ್ರತಿಯೊಂದಕ್ಕೂ ಗುರಿ ಇಡಬೇಕು, ಉದಾಹರಣೆಗೆ ಕಾಂಡ್ಲಾದಲ್ಲಿ ಶೇಕಡಾ 30 ರಕ್ಷಣೆಗೆ ಬರಬೇಕು ಎಂದು. ಕೊನೆಯದಾಗಿ, ಆ ತುಂಡನ್ನು ಕಾಯ್ದಿರಿಸಿದರೆ ಯಾರಿಗೆ ಎಷ್ಟು ನಷ್ಟ ಎಂಬುದನ್ನು ತುಂಡಿನ 'ವೆಚ್ಚ' ಎಂದು ನಮೂದಿಸಬೇಕು. ಎಲ್ಲ ಗುರಿಗಳೂ ಮುಟ್ಟಬೇಕು, ಒಟ್ಟು ವೆಚ್ಚ ಆದಷ್ಟು ಕಡಿಮೆಯಿರಬೇಕು, ಆರಿಸಿದ ತುಂಡುಗಳು ಚೆಲ್ಲಾಪಿಲ್ಲಿಯಾಗಿರದೆ ಒತ್ತಾಗಿರಬೇಕು. ಸಂತೆಯಲ್ಲಿ ಹತ್ತು ಬಗೆಯ ತರಕಾರಿಯನ್ನು ಕಡಿಮೆ ಹಣದಲ್ಲಿ, ಕಡಿಮೆ ಅಂಗಡಿಗಳಲ್ಲಿ, ಹೆಚ್ಚು ಅಲೆಯದೆ ಕೊಳ್ಳುವ ಗೃಹಿಣಿಯ ಲೆಕ್ಕವೂ ಇದೇ.

ತುಂಡುಗಳು ನೂರಾದರೂ ಸಾಕು, ಆರಿಸುವ ಬಗೆಗಳ ಸಂಖ್ಯೆ ಎಣಿಕೆಗೆ ಸಿಗುವುದಿಲ್ಲ. ಆದ್ದರಿಂದ ಇಯಾನ್ ಬಾಲ್ ಮತ್ತು ಹ್ಯೂ ಪಾಸಿಂಗ್‌ಹ್ಯಾಮ್ ರೂಪಿಸಿದ ಮಾರ್ಕ್ಸಾನ್ ಎಂಬ ತಂತ್ರಾಂಶವನ್ನು ಬಳಸುತ್ತಾರೆ. ಅದು ಕಾಯಿಸಿದ ಲೋಹವನ್ನು ನಿಧಾನವಾಗಿ ತಣಿಸುವ ತತ್ತ್ವವನ್ನು ಗಣಿತಕ್ಕೆ ಅಳವಡಿಸಿಕೊಂಡಿದೆ. ಮೊದಮೊದಲು ಕೆಟ್ಟ ಬದಲಾವಣೆಗಳನ್ನೂ ಒಪ್ಪಿಕೊಂಡು ಅಲೆದಾಡುತ್ತದೆ, ಬರಬರುತ್ತಾ ಒಳ್ಳೆಯದನ್ನು ಮಾತ್ರ ಒಪ್ಪುತ್ತದೆ. ಇದನ್ನು ನೂರು ಬಾರಿ ಓಡಿಸಿ, ಯಾವ ತುಂಡು ಎಷ್ಟು ಬಾರಿ ಆಯ್ಕೆಯಾಯಿತೆಂದು ನೋಡುತ್ತಾರೆ. ನೂರರಲ್ಲಿ ತೊಂಬತ್ತೈದು ಬಾರಿ ಬಂದ ತುಂಡನ್ನು ಕೈಬಿಟ್ಟು ಗುರಿ ಮುಟ್ಟುವುದು ಕಷ್ಟ ಎಂದರ್ಥ. ಮೂವತ್ತು ಬಾರಿ ಬಂದದ್ದರ ಬಗ್ಗೆ ಮಾತುಕತೆಗೆ ಅವಕಾಶವಿದೆ.

ಗಂಗೊಳ್ಳಿಯವ:

ನಕ್ಷೆಗಾರ ಅವರ ವಿವರಣೆ ಅಚ್ಚುಕಟ್ಟಾಗಿದೆ, ಆದರೆ ನಾಲ್ಕು ತಲೆಮಾರಿನಿಂದ ದೋಣಿ ನಡೆಸಿದ ಮನೆಯವನಾಗಿ ನನಗೆ ಅದನ್ನು ಓದಿ ಸಮಾಧಾನಕ್ಕಿಂತ ಭಯವೇ ಹೆಚ್ಚಾಯಿತು. 'ಯಾರಿಗೆ ಎಷ್ಟು ನಷ್ಟ' ಎಂಬ ಒಂದು ಸಾಲನ್ನು ನೀವು ಸುಲಭವಾಗಿ ದಾಟಿಬಿಟ್ಟಿರಿ. ಆ ಅಂಕಿಯನ್ನು ಬರೆಯುವವರು ಯಾರು?

ನನ್ನ ಅಜ್ಜ ರಂಪಣಿ ಬಲೆಯವರು. ಬಂಗುಡೆಯ ಹಿಂಡು ದಡದ ಹತ್ತಿರ ಬಂದರೆ ಇಡೀ ಊರು ದಂಡೆಗೆ ಬಂದು ಹಗ್ಗ ಎಳೆಯುತ್ತಿತ್ತು, ಎಳೆದವರಿಗೆಲ್ಲ ಪಾಲಿತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬಲೆ ಬಂದು ಮೀನನ್ನು ದಡಕ್ಕೆ ಬರುವ ಮೊದಲೇ ಸುತ್ತಿಕೊಂಡಿತು, ರಂಪಣಿ ಮೂಲೆ ಸೇರಿತು. ಆಗಲೂ ಯಾರೋ ಲೆಕ್ಕ ಹಾಕಿದ್ದರು, ಹಿಡಿದ ಮೀನಿನ ಒಟ್ಟು ಪ್ರಮಾಣ ಹೆಚ್ಚಾಗಿದೆ ಎಂದು. ಹೆಚ್ಚಾದದ್ದು ಸುಳ್ಳಲ್ಲ. ಅದು ಯಾರ ಮನೆಗೆ ಹೋಯಿತು ಎಂಬುದು ಮಾತ್ರ ಆ ಲೆಕ್ಕದಲ್ಲಿರಲಿಲ್ಲ.

ಈಗ ಜೂನ್ 1ರಿಂದ ಜುಲೈ 31ರ ವರೆಗಿನ ಯಾಂತ್ರಿಕ ಮೀನುಗಾರಿಕೆಯ ನಿಷೇಧವನ್ನು ನಾವು ಒಪ್ಪಿಕೊಂಡಿದ್ದೇವೆ, ಏಕೆಂದರೆ ಅದು ಮೊಟ್ಟೆಯಿಡುವ ಕಾಲ ಮತ್ತು ಎಲ್ಲ ಯಾಂತ್ರಿಕ ದೋಣಿಗಳಿಗೂ ಒಂದೇ ನಿಯಮ. ಕಾಲಕ್ಕೆ ಹಾಕಿದ ಬೇಲಿ ಅದು. ಜಾಗಕ್ಕೆ ಬೇಲಿ ಹಾಕಿದರೆ ಆ ಜಾಗದ ಎದುರಿನ ಊರಿನವನು ಮಾತ್ರ ಪೂರ್ತಿ ನಷ್ಟ ಹೊರುತ್ತಾನೆ. ದೊಡ್ಡ ಟ್ರಾಲರ್ ಇಪ್ಪತ್ತು ಮೈಲಿ ಆಚೆಗೆ ಹೋಗಬಲ್ಲದು. ನಾಡದೋಣಿ ಎಲ್ಲಿಗೆ ಹೋಗಬೇಕು?

ಟೌನ್ಸ್‌ವಿಲ್ ಕನ್ನಡತಿ:

ಗಂಗೊಳ್ಳಿಯವರ ಪ್ರಶ್ನೆಗೆ ನಾನಿರುವ ಆಸ್ಟ್ರೇಲಿಯಾದ ಟೌನ್ಸ್‌ವಿಲ್ ಊರಿನಲ್ಲಿ ಸಿಕ್ಕ ಉತ್ತರವನ್ನು, ಅದರ ಒಳಿತು ಕೆಡುಕು ಎರಡರ ಸಮೇತ, ಹೇಳುತ್ತೇನೆ. ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದಂಡೆಯ ಸಾಗರ ಉದ್ಯಾನವನ್ನು ನೋಡಿಕೊಳ್ಳುವ ಪ್ರಾಧಿಕಾರದ ಮುಖ್ಯ ಕಚೇರಿ ಇಲ್ಲಿಯೇ ಇದೆ. 1975ರ ಕಾಯ್ದೆಯಿಂದ ಹುಟ್ಟಿದ ಈ ಉದ್ಯಾನದ ವಿಸ್ತಾರ ಸುಮಾರು 3,44,400 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕ ಅದರಲ್ಲಿ ಒಂದೂವರೆ ಬಾರಿಗಿಂತ ಹೆಚ್ಚು ಹಿಡಿಸುತ್ತದೆ.

1990ರ ದಶಕದಲ್ಲಿ ಈ ಉದ್ಯಾನದಲ್ಲಿ ಮೀನು ಹಿಡಿಯಲೇಬಾರದ ಪ್ರದೇಶ ಶೇಕಡಾ 5ಕ್ಕಿಂತ ಕಡಿಮೆಯಿತ್ತು, ಅದೂ ಹೆಚ್ಚಾಗಿ ಹವಳದ ದಿಬ್ಬಗಳ ಮೇಲೆ ಮಾತ್ರ. ಸಮುದ್ರಹುಲ್ಲು, ದಿಬ್ಬಗಳ ನಡುವಿನ ಮರಳುತಳ, ಆಳದ ಕಂದರಗಳು ಲೆಕ್ಕಕ್ಕೇ ಇರಲಿಲ್ಲ. ಪ್ರವಾಸಿಗರು ಫೋಟೋ ತೆಗೆಯುವ ಜಾಗಗಳಷ್ಟೇ ಸಮುದ್ರವೆಂದುಕೊಂಡರೆ ಹೀಗಾಗುತ್ತದೆ. ಆದ್ದರಿಂದ ಮೊದಲು ಇಡೀ ಉದ್ಯಾನವನ್ನು, ಒಂದೊಂದರಲ್ಲಿ ಒಂದೇ ಬಗೆಯ ಜೀವಪರಿಸರವಿರುವಂತೆ, 70 ಜೀವಪ್ರದೇಶಗಳಾಗಿ ವಿಂಗಡಿಸಿದರು, 30 ಹವಳದವು, 40 ಹವಳವಲ್ಲದವು. ಪ್ರತಿಯೊಂದು ಜೀವಪ್ರದೇಶದಲ್ಲೂ ಕನಿಷ್ಠ ಶೇಕಡಾ 20 ಭಾಗ ಮೀನುಗಾರಿಕೆಯಿಂದ ಮುಕ್ತವಾಗಿರಬೇಕೆಂದು ವಿಜ್ಞಾನಿಗಳ ಸಮಿತಿ ಸಲಹೆ ಕೊಟ್ಟಿತು. ಮಾರ್ಕ್ಸಾನ್ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು ಇಲ್ಲಿಯೇ.

ಆದರೆ ಅಂತಿಮ ನಕ್ಷೆಯನ್ನು ಕಂಪ್ಯೂಟರ್ ಬರೆಯಲಿಲ್ಲ. ಎರಡು ಸುತ್ತಿನಲ್ಲಿ ಸಾರ್ವಜನಿಕರಿಂದ 31,000ಕ್ಕೂ ಹೆಚ್ಚು ಲಿಖಿತ ಅಭಿಪ್ರಾಯಗಳು ಬಂದವು. ಮೊದಲ ಕರಡನ್ನು ಮುಂದಿಟ್ಟು, ಬೈಸಿಕೊಂಡು, ಗೆರೆಗಳನ್ನು ಸರಿಸಿ, ಮತ್ತೆ ತಂತ್ರಾಂಶದಲ್ಲಿ ಪರೀಕ್ಷಿಸಿ, ಗುರಿ ಇನ್ನೂ ಮುಟ್ಟುತ್ತಿದೆಯೇ ಎಂದು ನೋಡಿ ಮುಂದುವರಿದರು. ತಂತ್ರಾಂಶದ ನಿಜವಾದ ಉಪಯೋಗ ನನಗೆ ಕಂಡದ್ದು ಇಲ್ಲಿ. ಮೀನುಗಾರನೊಬ್ಬ "ಈ ಜಾಗ ಬೇಡ, ಆ ಜಾಗ ತೆಗೆದುಕೊಳ್ಳಿ" ಎಂದಾಗ, ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಬಾಯಿಮಾತಿನ ಬದಲು ಅಂಕಿಯ ಉತ್ತರ ಕೊಡಲು ಅದರಿಂದ ಸಾಧ್ಯವಾಯಿತು. 2004ರ ಜುಲೈ 1ರಂದು ಜಾರಿಗೆ ಬಂದ ಹೊಸ ವಲಯ ಯೋಜನೆಯಲ್ಲಿ ಮೀನುಗಾರಿಕೆಯಿಂದ ಮುಕ್ತವಾದ ಭಾಗ ಶೇಕಡಾ 33ಕ್ಕೆ ಏರಿತು, 70 ಜೀವಪ್ರದೇಶಗಳಲ್ಲಿಯೂ ಕನಿಷ್ಠ ಮಿತಿ ದಾಟಿತು.

ನಾನು ಇಲ್ಲಿಗೆ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಈಗಲೂ ಗಾಳದ ಸಾಮಾನಿನ ಅಂಗಡಿಗೆ ಹೋದರೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬಣ್ಣಬಣ್ಣದ ವಲಯ ನಕ್ಷೆಗಳು ಉಚಿತವಾಗಿ ಸಿಗುತ್ತವೆ. ಹಸಿರಿನಲ್ಲಿ ದೋಣಿ ಹೋಗಬಹುದು, ಗಾಳ ಇಳಿಸಬಾರದು. ಹಳದಿಯಲ್ಲಿ ಒಬ್ಬರಿಗೆ ಒಂದು ಗಾಳ, ಅದಕ್ಕೆ ಒಂದೇ ಕೊಕ್ಕೆ. ಬೇಸಿಗೆಯಲ್ಲಿ ಪಕ್ಕದ ಮನೆಯ ಅಜ್ಜ ಮೊಮ್ಮಗನಿಗೆ ಕಲಿಸುವ ಮೊದಲ ಪಾಠವೇ ಈ ಬಣ್ಣಗಳು.

ಇನ್ನು ಕೆಡುಕಿನ ಮಾತು. ಬಾಧಿತ ಮೀನುಗಾರರಿಗೆ ಮತ್ತು ಅವರನ್ನು ನಂಬಿದ ವ್ಯಾಪಾರಿಗಳಿಗೆ ಕೊಟ್ಟ ಪರಿಹಾರದ ಮೊತ್ತ, ಆರಂಭದಲ್ಲಿ ಊಹಿಸಿದ್ದನ್ನು ಎಷ್ಟೋ ಪಟ್ಟು ಮೀರಿ, 20 ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿತು. ವೆಚ್ಚವನ್ನು ಮೊದಲೇ ಸರಿಯಾಗಿ ಅಳೆಯದಿದ್ದರೆ ಅದು ಆಮೇಲೆ ಬಡ್ಡಿ ಸಮೇತ ಬರುತ್ತದೆ. ಮತ್ತು ನೀರು ಬಿಸಿಯಾಗಿ ಹವಳ ಬೆಳ್ಳಗಾಗುವುದನ್ನು ಯಾವ ಹಸಿರು ವಲಯವೂ ತಡೆಯಲಿಲ್ಲ. 2016, 2017, 2020, 2022, 2024ರಲ್ಲಿ ಅದು ಮತ್ತೆ ಮತ್ತೆ ನಡೆಯಿತು.

ಗಂಗೊಳ್ಳಿಯವ:

ಮೇಡಂ, ಅಷ್ಟು ಪರಿಹಾರ ಕೊಡುವ ಸರ್ಕಾರವಿದ್ದರೆ ನಾನೂ ಹಸಿರು ಬಣ್ಣಕ್ಕೆ ಸಹಿ ಹಾಕುತ್ತಿದ್ದೆ. ನಮ್ಮಲ್ಲಿ ಪರಿಹಾರದ ಅರ್ಜಿಗೆ ದೋಣಿಯ ನೋಂದಣಿ ಸಂಖ್ಯೆ ಕೇಳುತ್ತಾರೆ. ದೋಣಿಯೇ ಇಲ್ಲದೆ ಬಲೆ ಎಳೆಯುವವನು ಏನು ಬರೆಯಬೇಕು?

ನಕ್ಷೆಗಾರ:

ಗಂಗೊಳ್ಳಿಯವರ ಈ ಎರಡು ಸಾಲಿಗೆ ಉತ್ತರವಾಗಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ, ನಮ್ಮ ಕರಾವಳಿಯದೇ ಒಂದು ಅಳಿವೆಗೆ, ಅಭ್ಯಾಸಕ್ಕೆಂದು ನಾನು ಮಾರ್ಕ್ಸಾನ್ ಓಡಿಸಿದ್ದೆ. ಉಪಗ್ರಹ ಚಿತ್ರದಿಂದ ಕಾಂಡ್ಲಾ ಸಿಕ್ಕಿತು, ಕೆಸರುಬಯಲು ಸಿಕ್ಕಿತು. ವೆಚ್ಚಕ್ಕೆ ಏನು ಹಾಕುವುದು? ಮೀನು ಇಳಿಯುವ ಬಂದರಿನಿಂದ ಇರುವ ದೂರ ಮತ್ತು ಅಲ್ಲಿಯ ದೋಣಿಗಳ ಸಂಖ್ಯೆ ತೆಗೆದುಕೊಂಡೆ, ಏಕೆಂದರೆ ಅದು ಸುಲಭವಾಗಿ ಸಿಗುವ ಮಾಹಿತಿ. ತಂತ್ರಾಂಶ ಬಹಳ ಚೆಂದದ ಒಂದು ನಕ್ಷೆ ಕೊಟ್ಟಿತು. ನೂರಕ್ಕೆ ತೊಂಬತ್ತು ಬಾರಿ ಒಂದೇ ಜಾಗ ಆಯ್ಕೆಯಾಯಿತು: ಬಂದರಿನಿಂದ ದೂರ, ದೋಣಿಗಳು ಹೋಗದ, ಇಳಿತದಲ್ಲಿ ಮೊಣಕಾಲುದ್ದ ನೀರು ನಿಲ್ಲುವ ಮರಳ ದಿಬ್ಬ. ವೆಚ್ಚ ಸೊನ್ನೆಯ ಹತ್ತಿರ.

ಆ ನಕ್ಷೆಯನ್ನು ಹಿಡಿದು ಅಲ್ಲಿಗೆ ಹೋದ ದಿನ ದಿಬ್ಬದ ಮೇಲೆ ಬುಟ್ಟಿ ಹಿಡಿದ ಹೆಂಗಸರೇ ತುಂಬಿದ್ದರು. ಅವರಿಗೆ ದೋಣಿಯಿಲ್ಲ, ಆದ್ದರಿಂದ ನನ್ನ ಲೆಕ್ಕದಲ್ಲಿ ಅವರೂ ಇರಲಿಲ್ಲ. ತಂತ್ರಾಂಶ ತಪ್ಪು ಮಾಡಲಿಲ್ಲ. ನಾನು ಕೊಟ್ಟ ಅಂಕಿಗಳ ಪ್ರಕಾರ ಅದು ಕೊಟ್ಟ ಉತ್ತರ ನಿಖರವಾಗಿತ್ತು.

ಹಿಡಿದ ಮೀನಿನ ಪ್ರಮಾಣದ ಅಂದಾಜನ್ನು ನಮ್ಮ ದೇಶದಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇಳಿದಾಣಗಳಲ್ಲಿ ಮಾದರಿ ತೆಗೆದು ಮಾಡುತ್ತದೆ. ರಾಜ್ಯದಲ್ಲಿ ಹಿಡಿದ ಮೀನಿನ ಒಟ್ಟು ಪ್ರಮಾಣ ತಿಳಿಯಲು ಅದು ಒಳ್ಳೆಯ ವಿಧಾನ. ಆದರೆ ಮೀನು ಎಲ್ಲಿ ಇಳಿಯಿತು ಎಂಬುದು ಅದರಿಂದ ತಿಳಿಯುವಷ್ಟು ಚೆನ್ನಾಗಿ, ಎಲ್ಲಿ ಹಿಡಿದದ್ದು ಎಂಬುದು ತಿಳಿಯುವುದಿಲ್ಲ; ಇಳಿದಾಣಕ್ಕೆ ಬಾರದೆ ನೇರವಾಗಿ ಮನೆಗೋ ರಸ್ತೆಬದಿಗೋ ಹೋಗುವ ಬಳಚಿನ ಕಥೆ ಹೇಗೂ ಬೇರೆ. ಜೀವವೈವಿಧ್ಯದ ಮಾಹಿತಿಯಲ್ಲೂ ಇದೇ ಓರೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ ಮುಳುಗುಗಾರರು ಹೋಗುತ್ತಾರೆ, ಆದ್ದರಿಂದ ಅಲ್ಲಿಯ ಹವಳ ಮತ್ತು ಮೀನುಗಳ ಪಟ್ಟಿಗಳಿವೆ. ಯಾರೂ ಮುಳುಗದ ಕೆಸರುತಳದಲ್ಲಿ ಏನೂ ಇಲ್ಲವೆಂದು ನಕ್ಷೆ ಹೇಳಿದರೆ, ಅಲ್ಲಿ ಹುಡುಕಿದವರಿಲ್ಲ ಎಂದಷ್ಟೇ ಓದಿಕೊಳ್ಳಬೇಕು.

ದಂಡೆಯ ಮಗಳು:

ನಾನು ಹೆಚ್ಚಾಗಿ ಓದಿ ಸುಮ್ಮನಿರುವವಳು, ಆದರೆ ನಕ್ಷೆಗಾರ ಅವರು ಬರೆದದ್ದನ್ನು ಓದಿದ ಮೇಲೆ ಬರೆಯಲೇಬೇಕೆನಿಸಿತು. ನನ್ನ ತಾಯಿ ಮೂವತ್ತೈದು ವರ್ಷ ಬಳಚು ತೆಗೆದವರು.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು, ಆಗ ದಿಬ್ಬಗಳು ಚೆನ್ನಾಗಿ ತೆರೆದುಕೊಳ್ಳುತ್ತವೆ. ನೀರು ಸೊಂಟದಿಂದ ಮೊಣಕಾಲಿಗೆ ಇಳಿಯುವ ಹೊತ್ತಿಗೆ ಅವರು ಇಳಿಯುತ್ತಾರೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಲಿನ ಹೆಬ್ಬೆರಳಿನಿಂದ ಮರಳನ್ನು ಕೆದಕಿ, ಚಿಪ್ಪಿನ ಅಂಚು ತಾಗಿದ ಕೂಡಲೇ ಬಗ್ಗಿ ಎತ್ತಿ, ಬುಟ್ಟಿಯನ್ನು ನೀರಿನಲ್ಲಿ ಅಲುಗಿಸಿ ಕೆಸರು ಬಿಡಿಸಿ, ಬೆರಳಿನ ಗಿಣ್ಣಿಗಿಂತ ಚಿಕ್ಕದನ್ನು ಅಲ್ಲೇ ಬಿಡುತ್ತಾರೆ. ಬಿಡಬೇಕೆಂದು ಯಾರೂ ಕಾನೂನು ಮಾಡಿದ್ದಲ್ಲ. ಚಿಕ್ಕದರಲ್ಲಿ ಮಾಂಸವಿಲ್ಲ, ಹೊರುವ ಭಾರ ಮಾತ್ರ ಎನ್ನುತ್ತಿದ್ದರು ಅಮ್ಮ. ಒಂದು ದಿಬ್ಬದಲ್ಲಿ ಚಿಕ್ಕದೇ ಹೆಚ್ಚು ಸಿಗತೊಡಗಿದರೆ ಎರಡು ಮೂರು ತಿಂಗಳು ಆ ಕಡೆ ಹೋಗುತ್ತಿರಲಿಲ್ಲ.

2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಘನಾಶಿನಿಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳನ್ನು ತೆಗೆಯುತ್ತಾರೆಂದೂ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದೇ ಕೆಲಸವೆಂದೂ ಲೆಕ್ಕ ಕೊಟ್ಟಿತ್ತು. ನಮ್ಮ ಮನೆಯಲ್ಲಿ ಆ ಅಂಕಿಯನ್ನು ಓದಿ ಹೇಳಿದಾಗ ಅಮ್ಮನಿಗೆ ಆಶ್ಚರ್ಯವಾದದ್ದು ಟನ್ನಿನ ಬಗ್ಗೆ ಅಲ್ಲ, ತಮ್ಮನ್ನೂ ಯಾರೋ ಎಣಿಸಿದ್ದಾರೆ ಎಂಬುದಕ್ಕೆ. ಹಾಗಾಗಿ ಮಾಹಿತಿಯೇ ಇಲ್ಲವೆಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಇರುವ ಮಾಹಿತಿಯನ್ನು ವೆಚ್ಚದ ಕಾಲಂಗೆ ತಂದು ಹಾಕುವವರಿಲ್ಲ.

ಕುಮಟಾ ವಕೀಲ:

ಕಾನೂನಿನ ಕಡೆಯಿಂದ ಮೂರು ವಿಷಯಗಳನ್ನು ಸೇರಿಸುತ್ತೇನೆ, ಏಕೆಂದರೆ ಯೋಜನೆ ಎಷ್ಟೇ ಚೆನ್ನಾಗಿದ್ದರೂ ಅದು ಯಾವುದಾದರೊಂದು ಕಲಮಿನ ಮೇಲೆ ನಿಲ್ಲಬೇಕು.

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಸಮುದಾಯ ಮೀಸಲು ಎಂಬ ಹೊಸ ವರ್ಗ ಬಂತು. ಹೆಸರು ಕೇಳಿದರೆ ಅಳಿವೆಗೆ ಹೇಳಿ ಮಾಡಿಸಿದಂತಿದೆ. ಆದರೆ ಅದು ಅನ್ವಯಿಸುವುದು ಖಾಸಗಿ ಅಥವಾ ಸಮುದಾಯದ ಒಡೆತನದ ಭೂಮಿಗೆ. ನೀರಿನ ತಳ ಸರ್ಕಾರದ್ದು. ಸರ್ಕಾರಿ ಜಾಗಕ್ಕೆ ಹೊಂದುವುದು ಸಂರಕ್ಷಣಾ ಮೀಸಲು. ಅದನ್ನು ಘೋಷಿಸುವ ಮೊದಲು ಸ್ಥಳೀಯ ಸಮುದಾಯಗಳೊಂದಿಗೆ ಸಮಾಲೋಚಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಪಾಕ್ ಕೊಲ್ಲಿಯಲ್ಲಿ ಕಡಲಹಸುವಿಗಾಗಿ ತಮಿಳುನಾಡು 2022ರಲ್ಲಿ ಘೋಷಿಸಿದ 448 ಚದರ ಕಿಲೋಮೀಟರಿನ ಪ್ರದೇಶ ಈ ವರ್ಗದ್ದು.

ಎರಡನೆಯದಾಗಿ, ಸಮುದ್ರದ ಭಾಗವನ್ನು ಅಭಯಾರಣ್ಯವಾಗಿ ಘೋಷಿಸುವಾಗ ಸ್ಥಳೀಯ ಮೀನುಗಾರರ ವೃತ್ತಿ ಹಿತವನ್ನು ಕಾಯುವ ಕ್ರಮಗಳನ್ನು ಕೈಗೊಂಡಿರಬೇಕೆಂದು ಅದೇ ಕಾಯ್ದೆಯ 26ಎ ಕಲಮು ಷರತ್ತು ಹಾಕುತ್ತದೆ. ಗಂಗೊಳ್ಳಿಯವರ ಪ್ರಶ್ನೆ ದಯೆಯ ಪ್ರಶ್ನೆಯಲ್ಲ, ಕಲಮಿನ ಪ್ರಶ್ನೆ. ಮೂರನೆಯದನ್ನು ಬಹಳ ಜನ ಗಮನಿಸಿಲ್ಲ: ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯಲ್ಲೂ 2019ರದರಲ್ಲೂ ತೀವ್ರ ಅಪಾಯಕ್ಕೆ ಒಡ್ಡಿಕೊಂಡ ಕರಾವಳಿ ಪ್ರದೇಶಗಳ ಪಟ್ಟಿಯಿದ್ದು, ಅದರಲ್ಲಿ ಕರ್ನಾಟಕದಿಂದ ಕಾರವಾರ ಮತ್ತು ಕುಂದಾಪುರ ಇವೆ. ಇಂತಹ ಪ್ರದೇಶಗಳನ್ನು ಮೀನುಗಾರರನ್ನೂ ಒಳಗೊಂಡ ಕರಾವಳಿ ಸಮುದಾಯಗಳ ಪಾಲ್ಗೊಳ್ಳುವಿಕೆಯಿಂದ ನಿರ್ವಹಿಸಬೇಕೆಂದು ಅಲ್ಲಿ ಬರೆದಿದೆ. ಗಂಗೊಳ್ಳಿ ಕುಂದಾಪುರದ ಎದುರು ದಡದಲ್ಲೇ ಇದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಟೌನ್ಸ್‌ವಿಲ್ ಕನ್ನಡತಿ:

ವಕೀಲರ ಮಾತಿಗೆ ಒಂದು ಸಣ್ಣ ಸೇರ್ಪಡೆ. ಬ್ಯಾರಿಯರ್ ರೀಫ್‌ನ ಅಳತೆಯನ್ನು ಅಘನಾಶಿನಿಗೆ ತರಬಾರದು; ಅಲ್ಲಿ ಹಸಿರು ವಲಯದ ಕಿರಿದಾದ ಬದಿಯೂ ಸಾಧ್ಯವಾದಷ್ಟು 20 ಕಿಲೋಮೀಟರ್ ಇರಬೇಕೆಂಬ ಸೂತ್ರವಿತ್ತು, ನಮ್ಮ ಅಳಿವೆಯ ಅಗಲ ಅದರ ಮುಂದೆ ಏನೂ ಅಲ್ಲ. ನೋಡಬೇಕಾದದ್ದು ಫಿಲಿಪ್ಪೀನ್ಸ್‌ನ ಅಪೋ ದ್ವೀಪವನ್ನು. ಸಿಲಿಮಾನ್ ವಿಶ್ವವಿದ್ಯಾಲಯದ ಏಂಜೆಲ್ ಅಲ್ಕಾಲಾ ಅವರ ಪ್ರೇರಣೆಯಿಂದ 1982ರಲ್ಲಿ ಆ ಊರಿನ ಮೀನುಗಾರರು ತಮ್ಮ ಹವಳದಂಡೆಯ ಒಂದು ಸಣ್ಣ ಭಾಗವನ್ನು ತಾವೇ ಮುಚ್ಚಿದರು, ತಾವೇ ಕಾವಲು ಕಾದರು. ಒಳಗೆ ಮೀನು ಹೆಚ್ಚಿತು, ವರ್ಷಗಳ ಮೇಲೆ ಗಡಿಯ ಹೊರಗೂ ಅದರ ಫಲ ಕಂಡಿತು. ಅಲ್ಲಿ ಜಾಗವನ್ನು ಆರಿಸಿದ್ದು ಯಾವ ತಂತ್ರಾಂಶವೂ ಅಲ್ಲ.

ಮಿರ್ಜಾನ್ ಕಡವು:

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಹುಣ್ಣಿಮೆಯ ಇಳಿತಕ್ಕೆ ಕಾಯಬೇಕಿತ್ತು.

ನಕ್ಷೆಗಾರ ಅವರು ಕಳುಹಿಸಿದ ಷಟ್ಕೋನದ ಜಾಲವನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ, ವಿದ್ಯಾರ್ಥಿಗಳೊಂದಿಗೆ ದಿಬ್ಬಕ್ಕೆ ಹೋದೆವು. ದಂಡೆಯ ಮಗಳು ಅವರ ತಾಯಿಯೂ ಬಂದಿದ್ದರು. ಅಲ್ಲಿ ಬಳಚು ತೆಗೆಯುವವರಲ್ಲಿ ಹಾಳೆ ನೋಡಿದ ಒಬ್ಬರು ಕೇಳಿದ ಮೊದಲ ಮಾತು, "ಮಾಸ್ತರ್ರೇ, ಈ ಆರು ಮೂಲೆ ಗದ್ದೆ ಯಾರದ್ದು?" ಎಂದು. ನಮ್ಮ ಷಟ್ಕೋನದ ಗೆರೆ ಒಂದೇ ದಿಬ್ಬವನ್ನು ಮೂರು ತುಂಡು ಮಾಡಿತ್ತು, ಎರಡು ಬೇರೆ ಬೇರೆ ದಿಬ್ಬಗಳನ್ನು ನಡುವಿನ ಕಾಲುವೆಯ ಸಮೇತ ಒಂದೇ ತುಂಡಿಗೆ ಸೇರಿಸಿತ್ತು. ಕೊನೆಗೆ ಹಾಳೆಯ ಬೆನ್ನ ಮೇಲೆ ಅವರೇ ಬರೆದರು. ನದಿಯ ಹರಿವು ಮೊದಲು, ಆಮೇಲೆ ದಿಬ್ಬಗಳು, ಪ್ರತಿಯೊಂದಕ್ಕೂ ಒಂದು ಹೆಸರು, ಹೆಸರಿನ ಪಕ್ಕದಲ್ಲಿ ಯಾವ ಊರಿನವರು ಅಲ್ಲಿ ಇಳಿಯುತ್ತಾರೆ ಮತ್ತು ಮಳೆಗಾಲದ ಮೇಲೆ ಯಾವುದು ಜಾಗ ಬದಲಿಸುತ್ತದೆ ಎಂಬ ವಿವರ. ಒಂದು ದಿಬ್ಬವನ್ನು ತೋರಿಸಿ, ಇದನ್ನು ಎರಡು ವರ್ಷ ಬಿಟ್ಟರೆ ಉಳಿದವಕ್ಕೆ ಮರಿ ಇಲ್ಲಿಂದಲೇ ಹೋಗುತ್ತದೆ ಎಂದರು. ಅದು ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ.

ಆದರೆ ಏಳುವಾಗ ಒಂದು ಷರತ್ತು ಹಾಕಿದರು. ದಿಬ್ಬಗಳ ಹೆಸರನ್ನೂ ಜಾಗವನ್ನೂ ಎಲ್ಲಿಯೂ ಅಚ್ಚು ಹಾಕಿಸಕೂಡದು, ಹಾಕಿಸಿದರೆ ಚಿಪ್ಪು ತುಂಬಿಕೊಂಡು ಹೋಗಲು ಹೊರಗಿನ ದೋಣಿಗಳು ನೇರವಾಗಿ ಅಲ್ಲಿಗೇ ಬರುತ್ತವೆ ಎಂದರು. ನಾನು ಒಪ್ಪಿ ಬಂದಿದ್ದೇನೆ. ಹಾಗಾಗಿ ಆ ನಕ್ಷೆಯನ್ನು ಇಲ್ಲಿ ಹಾಕುವುದಿಲ್ಲ. ಹೆಸರಿಲ್ಲದ, ಜಾಗವನ್ನು ತೋರಿಸಲಾಗದ ಮಾಹಿತಿಯನ್ನು ಯೋಜನೆಗೆ ಒಳಪಡಿಸಲು ಸಾಧ್ಯವೇ?

ನಕ್ಷೆಗಾರ:

ಸಾಧ್ಯವಿದೆ ಸರ್. ಷಟ್ಕೋನವನ್ನು ಬಿಟ್ಟು ಅವರು ಬರೆದ ದಿಬ್ಬಗಳನ್ನೇ ತುಂಡುಗಳಾಗಿ ಇಟ್ಟುಕೊಳ್ಳೋಣ. ತಂತ್ರಾಂಶಕ್ಕೆ ಆಕಾರ ಯಾವುದಾದರೂ ಸರಿ. ಪ್ರತಿಯೊಂದು ದಿಬ್ಬಕ್ಕೂ ಒಂದು ಸಂಖ್ಯೆ, ಅಲ್ಲಿ ಇಳಿಯುವವರ ಎಣಿಕೆಯಿಂದ ಒಂದು ವೆಚ್ಚ, ಇಷ್ಟು ಸಾಕು. ಯಾವ ಸಂಖ್ಯೆ ಯಾವ ದಿಬ್ಬ ಎಂಬ ಪಟ್ಟಿ ಅವರ ಹತ್ತಿರವೇ ಇರಲಿ, ನನಗೂ ಕಳುಹಿಸಬೇಡಿ. ಫಲಿತಾಂಶವನ್ನು ಸಂಖ್ಯೆಯಲ್ಲೇ ಕೊಡುತ್ತೇನೆ, ಅವರು ಓದಿಕೊಳ್ಳಲಿ. ಮಳೆಗಾಲದಲ್ಲಿ ಜಾಗ ಬದಲಿಸುವ ದಿಬ್ಬಗಳನ್ನು ಬೇರೆ ಗುರುತು ಹಾಕಿ ಕೊಡಿ, ಅವಕ್ಕೆ ಗಡಿಯ ನಿಯಮ ಬೇರೆ ಬರೆಯಬೇಕಾಗುತ್ತದೆ. ಮುಂದಿನ ಅಮಾವಾಸ್ಯೆಯ ಇಳಿತಕ್ಕೆ ನಾನೂ ಬರುತ್ತೇನೆ, ಯಾವ ದಡದಲ್ಲಿ ಇಳಿಯಬೇಕೆಂದು ತಿಳಿಸಿ.